ಕಲ್ಲುಗಿಡವೂ ಕೈಗುಣವೂ

ಊರು ಬಿಟ್ಟು ಬಂದವರ ಮನೆಯಲ್ಲಿ ಗಿಡಗಳಿಗೆ ಒಂದು ವಿಶೇಷ ಸ್ಥಾನವಿರುತ್ತದೆ. ಗಂಟುಮೂಟೆ ಕಟ್ಟುವಾಗ ಬೇರೇನನ್ನು ಮರೆತರೂ ದೊಡ್ಡಪತ್ರೆಯ ಒಂದು ಕಡ್ಡಿಯನ್ನೋ ತುಳಸಿಯ ನಾಲ್ಕು ಬೀಜವನ್ನೋ ಜೊತೆಗಿಟ್ಟುಕೊಳ್ಳದೆ ರೈಲು ಹತ್ತುವ ಗೃಹಿಣಿ ನಮ್ಮಲ್ಲಿ ಅಪರೂಪ. ನಮ್ಮ ರೋಹಿಣಿಯಲ್ಲಿ ಕನ್ನಡಿಗರ ಮನೆ ಯಾವುದೆಂದು ತಿಳಿಯಬೇಕಾದರೆ ಬಾಗಿಲಿನ ಫಲಕ ಓದಬೇಕಾಗಿಲ್ಲ. ತಲೆಯೆತ್ತಿ ಬಾಲ್ಕನಿ ನೋಡಿದರೆ ಸಾಕು. ಚಳಿಗೆ ಮುದುಡಿದ ಒಂದು ಕರಿಬೇವು, ಹಳೆಯ ಪಂಚೆಯ ತುಂಡು ಹೊದ್ದ ಒಂದು ತುಳಸಿ ಅಲ್ಲಿ ಇದ್ದೇ ಇರುತ್ತವೆ.

ಇಂದು ನಾವು ಹೇಳಹೊರಟಿರುವುದು ಮಾತ್ರ ಊರಿನಿಂದ ತಂದ ಗಿಡದ ಸಂಗತಿಯಲ್ಲ. ಇದು ದಕ್ಷಿಣ ಆಫ್ರಿಕ ಮತ್ತು ನಮೀಬಿಯ ದೇಶಗಳ ಒಣನೆಲದಿಂದ ಬಂದದ್ದು. ವಲಸೆಯಲ್ಲಿ ನಮ್ಮೆಲ್ಲರಿಗಿಂತ ಹಿರಿಯ. ನೋಡಲು ಗಿಡದಂತೆಯೇ ಇಲ್ಲ. ಎಲೆಯೆಂಬಂಥ ಎಲೆಯಿಲ್ಲ, ಕಾಂಡವಿಲ್ಲ, ಮುಳ್ಳಿಲ್ಲ. ಒಂದು ಅಂಗುಲದಷ್ಟು ಅಗಲದ ಬೆಣಚುಕಲ್ಲನ್ನು ನಡುವೆ ಸೀಳಿ ಮರಳಿನಲ್ಲಿ ಹುಗಿದಿಟ್ಟಂತೆ ಕಾಣುತ್ತದೆ. ಶಾಸ್ತ್ರಜ್ಞರು ಇದನ್ನು ಲಿಥಾಪ್ಸ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಲಿಥೋಸ್’ ಎಂದರೆ ಕಲ್ಲು, ‘ಆಪ್ಸ್’ ಎಂದರೆ ಮುಖ. ನಮ್ಮ ಮನೆಯಲ್ಲಿ ಅದು ಬರೀ ಕಲ್ಲುಗಿಡ.

ಇದನ್ನು ಬೆಳೆಸುವ ಬಗೆಯನ್ನು ಸಂಘದ ಬಂಧುಗಳಿಗೆ ತಿಳಿಸುವುದು ಈ ಲೇಖನದ ಉದ್ದೇಶ. ಬೆಳೆಸುವ ಬಗೆಯೆಂದರೆ ಹೆಚ್ಚಾಗಿ ನೀರು ಹಾಕದಿರುವ ಬಗೆ. ಅದೇನು ಮಹಾ ವಿದ್ಯೆಯೆಂದು ತಾವು ನಗಬಹುದು. ನಾವೂ ನಕ್ಕಿದ್ದೆವು. ಎರಡು ಗಿಡಗಳನ್ನು ಕೊಂದ ಮೇಲೆ ಆ ವಿದ್ಯೆ ನಮಗೆ ಬಂತು.

ಹಣ ಕೊಟ್ಟು ತಂದ ಕಲ್ಲು

2022ರ ಅಕ್ಟೋಬರಿನಲ್ಲಿ ಸಸ್ಯಪಾಲನಾಲಯವೊಂದರಿಂದ ಮೂರು ಕಲ್ಲುಗಿಡಗಳನ್ನು ಕೊಂಡುತಂದೆವು. ನಮ್ಮ ಚಿಕ್ಕ ಮಗ ನೋಡಿ, “ಅಪ್ಪಾ, ದುಡ್ಡು ಕೊಟ್ಟು ಕಲ್ಲು ತಂದ್ಯಾ? ಜಪಾನಿ ಪಾರ್ಕಿನಲ್ಲಿ ಬಿಟ್ಟಿ ಸಿಗುತ್ತಲ್ಲ!” ಎಂದ. ಅವನ ಮಾತಿಗೆ ಮನೆಯೆಲ್ಲ ನಕ್ಕಿತು. ನಗದೆ ಇದ್ದವರು ಅಮ್ಮ ಒಬ್ಬರೇ.

ಆ ವರ್ಷವೇ ನಮ್ಮ ತಂದೆಯವರು ತೀರಿಕೊಂಡಿದ್ದರು. ಹಿರಿಯೂರಿನ ಮನೆಯಲ್ಲಿ ಒಬ್ಬರೇ ಇರುವುದು ಬೇಡವೆಂದು ಅಮ್ಮನನ್ನು ಇಲ್ಲಿಗೆ ಕರೆತಂದಿದ್ದೆವು. ಹಿರಿಯೂರೆಂದರೆ ಒಣನಾಡು; ಅಲ್ಲಿಯವರಿಗೆ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ಅನಂತರ. ಕೋಡಿ ಬೀಳುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಜೀವಮಾನವೆಲ್ಲ ಹೇಳುತ್ತಿದ್ದ ತಂದೆಯವರು ಅದಕ್ಕೆ ಕೆಲವೇ ತಿಂಗಳ ಮೊದಲು ಹೋಗಿಬಿಟ್ಟಿದ್ದರು. ಅಮ್ಮ ಆ ನೀರನ್ನು ನೋಡಿ, ಏನೂ ಹೇಳದೆ, ನಮ್ಮೊಡನೆ ರೈಲು ಹತ್ತಿದರು.

ಅಮ್ಮನ ಕೈಗುಣ ಊರಿನಲ್ಲಿ ಹೆಸರಾದದ್ದು. ಒಣಕಡ್ಡಿ ನೆಟ್ಟರೂ ಚಿಗುರುತ್ತದೆಂದು ಅಕ್ಕಪಕ್ಕದವರು ಮಲ್ಲಿಗೆಯ ಬಳ್ಳಿಯನ್ನು ಅವರ ಕೈಯಿಂದಲೇ ನೆಡಿಸುತ್ತಿದ್ದರು. ರೋಹಿಣಿಯ ಎರಡನೆಯ ಅಂತಸ್ತಿನಲ್ಲಿ ಅವರಿಗೆ ಮಾತಿಗೆ ಜನವಿಲ್ಲ, ಹಿಂದಿ ಬಾರದು. ಬೆಳಗಾದರೆ ಒಂದು ತಂಬಿಗೆ ನೀರು ಹಿಡಿದು ಬಾಲ್ಕನಿಗೆ ಹೋಗುವುದೊಂದೇ ಕೆಲಸ. ತುಳಸಿಗೆ ಹಾಕಿ, ಕರಿಬೇವಿಗೆ ಹಾಕಿ, ಉಳಿದದ್ದನ್ನು ಈ ಮೂರು ‘ಪಾಪದವು’ಗಳಿಗೂ ಹಾಕುತ್ತಿದ್ದರು. ಬಾಯಾರಿದ್ದಕ್ಕೆ ನೀರು ಕೊಡುವುದು ಪುಣ್ಯವಲ್ಲವೆ?

ಡಿಸೆಂಬರಿನಲ್ಲಿ ಮೂರರಲ್ಲೊಂದು ಬೆಂದ ಬದನೆಕಾಯಿಯಂತೆ ಮೆತ್ತಗಾಗಿ ಕುಸಿಯಿತು. ಕಚೇರಿಗೆ ಹೊರಡುವ ಅವಸರದಲ್ಲಿ ನಾವು, “ಅಯ್ಯೋ, ಇದಕ್ಕೆ ದಿನಾ ನೀರು ಹಾಕ್ತಾರೇನಮ್ಮ? ಕೊಂದೇಬಿಟ್ಯಲ್ಲ!” ಎಂದುಬಿಟ್ಟೆವು. ಬಾಯಿಂದ ಬಿದ್ದ ಮಾತು ಮತ್ತೆ ಬಾಯಿಗೆ ಬರುತ್ತದೆಯೆ?

ಮಾರನೆಯ ದಿನದಿಂದ ಅಮ್ಮ ಬಾಲ್ಕನಿಗೆ ಹೋಗುವುದನ್ನೇ ಬಿಟ್ಟರು. ತುಳಸಿಗೂ ನೀರು ಹಾಕಲಿಲ್ಲ. ಸೊಸೆ ಒತ್ತಾಯಿಸಿದಾಗ ಹೇಳಿದರಂತೆ: “ಬೇಡ ಕಣಮ್ಮ. ನನ್ನ ಕೈಗುಣ ಅವರ ಜೊತೆಗೇ ಹೋಯ್ತು.”

ಎರಡನೆಯ ಗಿಡವನ್ನು ಕೊಂದವರು ನಾವೇ. 2023ರ ಜುಲೈ 8 ಮತ್ತು 9ರ ನಡುವೆ ದಿಲ್ಲಿಯ ಸಫ್ದರ್‌ಜಂಗ್ ಕೇಂದ್ರದಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 153 ಮಿಲಿಮೀಟರ್ ಮಳೆ ಬಿತ್ತು. ಯಮುನೆ ಉಕ್ಕಿದ ಆ ವಾರವನ್ನು ದಿಲ್ಲಿಯ ಬಂಧುಗಳು ಮರೆತಿರಲಾರರು. ಕುಂಡವನ್ನು ಕಟಕಟೆಯ ಮೇಲೆ ಬಿಟ್ಟು ನಾವು ಮನೆಯೊಳಗೆ ಬಿಸಿಬಿಸಿ ಪಕೋಡ ತಿನ್ನುತ್ತಿದ್ದೆವು. ಕಲ್ಲುಗಿಡದ ತವರಿನಲ್ಲಿ ಕೆಲವೆಡೆ ಇಡೀ ವರ್ಷಕ್ಕೂ ನೂರು ಮಿಲಿಮೀಟರ್ ಮಳೆಯಾಗುವುದಿಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ನೀರನ್ನು ಅದು ಒಂದೇ ದಿನದಲ್ಲಿ ಕುಡಿದು ಒಡೆದುಹೋಯಿತು. ಈ ಸಲ ಯಾರೂ ಯಾರನ್ನೂ ಬೈಯಲಿಲ್ಲ. ಮೂರನೆಯದು ಅಡಿಗೆಮನೆಯ ಕಿಟಕಿಯಲ್ಲಿದ್ದುದರಿಂದ ಉಳಿಯಿತು.

ಕಲ್ಲೆಂದು ಎತ್ತಿಕೊಂಡವನು

ಆಗ ನಾವು ಪುಸ್ತಕ ತೆರೆದೆವು. ಮೊದಲೇ ತೆರೆಯಬೇಕಾಗಿತ್ತು.

1811ರಲ್ಲಿ ವಿಲಿಯಂ ಬರ್ಚೆಲ್ ಎಂಬ ಇಂಗ್ಲಿಷ್ ಸಸ್ಯಶಾಸ್ತ್ರಜ್ಞ ದಕ್ಷಿಣ ಆಫ್ರಿಕದ ಪ್ರೀಸ್ಕ ಎಂಬ ಊರಿನ ಸಮೀಪದ ಕಲ್ಲುನೆಲದಲ್ಲಿ ನಡೆಯುತ್ತಿದ್ದಾಗ ವಿಚಿತ್ರವಾದ ಒಂದು ಬೆಣಚುಕಲ್ಲನ್ನು ಕಂಡು ಎತ್ತಿಕೊಳ್ಳಹೋದನು. ಅದು ಬೇರುಬಿಟ್ಟಿದ್ದ ಜೀವಂತ ಗಿಡ! ಹೊರಜಗತ್ತಿಗೆ ಕಲ್ಲುಗಿಡದ ಪರಿಚಯವಾದದ್ದು ಹೀಗೆ. ಇದಕ್ಕೆ ಲಿಥಾಪ್ಸ್ ಎಂಬ ಪ್ರತ್ಯೇಕ ಹೆಸರು ಕೊಟ್ಟವನು ಎನ್. ಇ. ಬ್ರೌನ್, 1922ರಲ್ಲಿ. ಇಂದು ಸುಮಾರು ನಲವತ್ತು ಜಾತಿಗಳನ್ನು ಗುರುತಿಸುತ್ತಾರೆ. ಬೂದಿ, ಕಂದು, ಇಟ್ಟಿಗೆಗೆಂಪು, ಪಾಚಿಹಸಿರು, ಹೀಗೆ ಯಾವ ಜಾತಿ ಯಾವ ಕಲ್ಲಿನ ನಡುವೆ ಬೆಳೆಯುತ್ತದೋ ಬಹುಮಟ್ಟಿಗೆ ಆ ಕಲ್ಲಿನ ಬಣ್ಣವನ್ನೇ ತಾಳಿರುತ್ತದೆ. ಬಾಯಾರಿದ ಪ್ರಾಣಿಯ ಕಣ್ಣಿಗೆ ಬೀಳದಿರಲು ಪ್ರಕೃತಿ ಹೂಡಿದ ಉಪಾಯವಿದು.

ನಮಗೆ ಕಾಣುವುದು ಗಿಡದ ತಲೆ ಮಾತ್ರ. ಒಂದು ಜೊತೆ ದಪ್ಪ ಎಲೆಗಳು ಮೈಗೆ ಮೈ ಕೂಡಿಕೊಂಡು, ನಡುವೆ ಒಂದು ಸೀಳನ್ನು ಬಿಟ್ಟು, ಮಣ್ಣಿನೊಳಗೆ ಹುದುಗಿರುತ್ತವೆ. ತಲೆಯ ಮೇಲಿನ ಚಿತ್ತಾರ ಬರೀ ಅಲಂಕಾರವಲ್ಲ. ಅಲ್ಲಿ ಬೆಳಕು ತೂರುವ ಕಿಟಕಿಗಳಿವೆ. ಬಿಸಿಲು ಆ ಕಿಟಕಿಯಿಂದಿಳಿದು ನೆಲದೊಳಗಿರುವ ಹಸಿರು ಭಾಗವನ್ನು ತಲಪುತ್ತದೆ. ನಾವು ಹಂಚಿನ ಮನೆಗೆ ಬೆಳಕಿಂಡಿ ಇಡಿಸುವುದಿಲ್ಲವೆ, ಹಾಗೆ. ಎಲೆಯ ಮೇಲಿನ ಉಸಿರಾಟದ ರಂಧ್ರಗಳು ಹಗಲು ಮುಚ್ಚಿದ್ದು ರಾತ್ರಿ ತಂಪಿನಲ್ಲಿ ತೆರೆಯುವುದರಿಂದ ಒಳಗಿನ ನೀರು ಆರಿಹೋಗುವುದಿಲ್ಲ. ಇಂಥ ಜೀವಕ್ಕೆ ದಿನಕ್ಕೊಂದು ತಂಬಿಗೆ ಸುರಿಯುವುದೆಂದರೆ ಊಟ ಮುಗಿಸಿ ಮಲಗಿದವರನ್ನು ಗಂಟೆಗೊಮ್ಮೆ ಎಬ್ಬಿಸಿ ಬಡಿಸಿದಂತೆ.

ಅಮ್ಮ ಹೇಳಿದ ಮಾತು

2024ರ ಜನವರಿಯಲ್ಲಿ ಉಳಿದ ಒಂದು ಗಿಡವೂ ಸೊರಗತೊಡಗಿತು. ತಲೆ ಸುಕ್ಕುಗಟ್ಟಿತು, ಬಣ್ಣ ಮಾಸಿತು, ಎಲೆಗಳೆರಡೂ ಹಳೆಯ ತೊಗಲಿನಂತಾದವು. ಹೊರಗೆ ಮಂಜು ಕವಿದು ವಾರಗಟ್ಟಲೆ ಸೂರ್ಯನ ಮುಖವಿಲ್ಲ. ಪುಸ್ತಕದಲ್ಲಿ ಓದಿದ್ದೆಲ್ಲ ಮರೆತು, ಕನಿಕರದಿಂದ ನಾವೇ ಲೋಟದಲ್ಲಿ ನೀರು ತಂದೆವು.

ಅಮ್ಮ ಅಡಿಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು. “ತಾಳೋ” ಎಂದರು. ವರ್ಷದಿಂದ ಆ ಕುಂಡವನ್ನು ಮುಟ್ಟದೆ ಇದ್ದವರು ಎದ್ದುಬಂದು, ಕನ್ನಡಕ ಸರಿಮಾಡಿಕೊಂಡು, ಬೆರಳ ತುದಿಯಿಂದ ಸೀಳಿನ ಅಂಚನ್ನು ಮುಟ್ಟಿನೋಡಿದರು. ಸೀಳು ತುಸು ಅಗಲವಾಗಿತ್ತು. ಅದರೊಳಗೆ, ಹಳೆಯ ಎರಡು ಎಲೆಗಳ ನಡುವೆ, ನುಣ್ಣಗೆ ಹೊಳೆಯುವ ಹೊಸ ಜೋಡಿಯೊಂದು ಕಣ್ಣುಬಿಡುತ್ತಿತ್ತು.

“ಇದು ಬಾಣಂತಿ ಕಣೋ” ಎಂದರು ಅಮ್ಮ. “ಬಾಣಂತಿಗೆ ತಣ್ಣೀರು ಕೊಡ್ತಾರೇನೋ?”

ನಾವು ಬೆರಗಾಗಿ ನಿಂತೆವು. ಪುಸ್ತಕ ನಾಲ್ಕು ಪುಟಗಳಲ್ಲಿ ಹೇಳಿದ್ದನ್ನು ಅವರು ಒಂದು ಮಾತಿನಲ್ಲಿ ಮುಗಿಸಿದ್ದರು. ಕಲ್ಲುಗಿಡ ವರ್ಷಕ್ಕೊಮ್ಮೆ ಹಳೆಯ ಜೋಡಿಯೊಳಗಿಂದ ಹೊಸ ಜೋಡಿಯನ್ನು ಹಡೆಯುತ್ತದೆ. ಹೊಸದಕ್ಕೆ ಬೇಕಾದ ನೀರನ್ನೂ ಸಾರವನ್ನೂ ಹಳೆಯ ಎಲೆಗಳೇ ಕೊಡುತ್ತವೆ. ಕೊಟ್ಟು ಕೊಟ್ಟು ತಾವು ಕಾಗದದಂತೆ ತೆಳ್ಳಗಾಗಿ ಒಣಗುತ್ತವೆ. ಆ ಹೊತ್ತಿನಲ್ಲಿ ನಾವು ಮೇಲಿನಿಂದ ನೀರು ಹಾಕಿದರೆ ಹಳೆಯವು ಒಣಗದೆ ಊದಿಕೊಂಡು ಹೊಸದನ್ನು ಅಮುಕುತ್ತವೆ. ಎಷ್ಟೋ ಸಲ ಎರಡೂ ಕೊಳೆಯುತ್ತವೆ. ಸೊರಗುವುದು ರೋಗವಲ್ಲ, ಅದು ತಾಯ ಕೆಲಸ.

ಅಂದು ಸಂಜೆ ಅಮ್ಮ ತಾವಾಗಿಯೇ ತಂಬಿಗೆ ಹಿಡಿದು ಬಾಲ್ಕನಿಗೆ ಹೋಗಿ ತುಳಸಿಗೆ ನೀರೆರೆದದ್ದನ್ನು ನಾವು ಒಳಗಿನಿಂದ ನೋಡಿದೆವು. ಏನೂ ಮಾತನಾಡಲಿಲ್ಲ.

ಮಣ್ಣು, ಕುಂಡ, ಬಿಸಿಲು

ಇನ್ನು ಬೆಳೆಸುವ ವಿಚಾರ. ಕುಂಡ ನಾಲ್ಕೈದು ಅಂಗುಲ ಆಳವಿರಲಿ. ಗಿಡ ಚಿಕ್ಕದಾದರೂ ತಾಯಿಬೇರು ಉದ್ದ. ಮಣ್ಣಿನ ಕುಂಡವೇ ಉತ್ತಮ, ಅಡಿಯಲ್ಲಿ ದೊಡ್ಡ ತೂತು ಕಡ್ಡಾಯ. ಮಿಶ್ರಣದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕಲ್ಲು ಮರಳೇ ಇರಬೇಕು. ದಿಲ್ಲಿಯಲ್ಲಿ ಮನೆ ಕಟ್ಟುವ ಸಾಮಾನು ಮಾರುವವರಲ್ಲಿ ‘ಬದರ್‌ಪುರ’ ಎಂದು ಕೇಳಿದರೆ ದಪ್ಪ ಮರಳು ಕೊಡುತ್ತಾರೆ. ಅದನ್ನು ಜರಡಿ ಹಿಡಿದು ಧೂಳು ತೆಗೆದು ತೊಳೆಯಬೇಕು. ಅದಕ್ಕೆ ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿದ ಇಟ್ಟಿಗೆಚೂರು ಸೇರಿಸಿ, ತೋಟದ ಮಣ್ಣು ಐದರಲ್ಲೊಂದು ಪಾಲು ಸಾಕು. ಗೊಬ್ಬರದ ಆಸೆ ಬೇಡ. ಮೇಲೆ ಸಣ್ಣ ಬೆಣಚುಕಲ್ಲು ಹರಡಿದರೆ ಗಿಡದ ಕುತ್ತಿಗೆ ಒಣಗಿರುತ್ತದೆ, ನೋಟವೂ ಚೆನ್ನ.

ಅಂಗಡಿಯಿಂದ ತಂದ ಗಿಡ ಸಾಮಾನ್ಯವಾಗಿ ತೆಂಗಿನ ನಾರಿನ ಪುಡಿಯಲ್ಲಿರುತ್ತದೆ. ಅದು ನೀರನ್ನು ಹಿಡಿದಿಟ್ಟುಕೊಳ್ಳುವ ಪದಾರ್ಥ. ಬೇರು ಹರಿಯದಂತೆ ಅದನ್ನೆಲ್ಲ ಬಿಡಿಸಿ, ಎರಡು ಮೂರು ದಿನ ನೆರಳಲ್ಲಿ ಆರಿಸಿ, ಒಣ ಮಿಶ್ರಣದಲ್ಲಿ ನೆಟ್ಟು, ವಾರ ಕಳೆದ ಮೇಲೆ ಮೊದಲ ನೀರು ಕೊಡಬೇಕು. ಇದಕ್ಕೆ ಅಕ್ಟೋಬರ್ ಒಳ್ಳೆಯ ಕಾಲ.

ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೇಕು. ಪೂರ್ವದ ಬಾಲ್ಕನಿಯಿದ್ದವರು ಅದೃಷ್ಟವಂತರು. ಬಿಸಿಲು ಸಾಲದಿದ್ದರೆ ಗಿಡ ಕತ್ತೆತ್ತಿ ಉದ್ದವಾಗಿ ತನ್ನ ಚೆಲುವನ್ನೂ ಗಟ್ಟಿತನವನ್ನೂ ಕಳೆದುಕೊಳ್ಳುತ್ತದೆ. ಆದರೆ ಮೇ ತಿಂಗಳ ಮಧ್ಯಾಹ್ನದ ಬಿಸಿಲೂ ಲೂ ಗಾಳಿಯೂ ಮರುಭೂಮಿಯ ಗಿಡವನ್ನು ಕೂಡ ಬೇಯಿಸಿಬಿಡುತ್ತವೆ. ಏಪ್ರಿಲ್ ಕೊನೆಗೆ ಹಸಿರು ಬಲೆ ಕಟ್ಟುವುದು ಅವಶ್ಯ.

ನೀರಿನ ಪಂಚಾಂಗ

ಅಮ್ಮ ಗೋಡೆಯ ಪಂಚಾಂಗದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಟ್ಟಿರುವ ಕ್ರಮ ಇದು.

ಅಕ್ಟೋಬರ್, ನವೆಂಬರ್: ಗಿಡ ಎಚ್ಚತ್ತಿರುತ್ತದೆ. ಎರಡು ವಾರಕ್ಕೊಮ್ಮೆ, ತೂತಿನಿಂದ ಹರಿದುಹೋಗುವಂತೆ ನೀರು. ಮತ್ತೆ ಪೂರ್ತಿ ಒಣಗುವವರೆಗೆ ಮುಟ್ಟಬಾರದು.

ಡಿಸೆಂಬರಿನಿಂದ ಫೆಬ್ರವರಿ: ಬಾಣಂತನ. ಒಂದು ಹನಿಯೂ ಬೇಡ.

ಮಾರ್ಚ್, ಏಪ್ರಿಲ್: ಹಳೆಯ ಎಲೆಗಳು ಪೂರ್ತಿ ಕಾಗದವಾದ ಮೇಲೆ ಮಾತ್ರ ಎರಡು ಮೂರು ಸಲ ನೀರು. ಅದಕ್ಕೆ ಮುಂಚೆ ಇಲ್ಲ. ಹಳೆಯ ಪೊರೆಯನ್ನು ಕೈಯಿಂದ ಕೀಳಬಾರದು, ತಾನಾಗಿ ಕಳಚಿಕೊಳ್ಳುತ್ತದೆ.

ಮೇ, ಜೂನ್: ನಿದ್ರೆ. ತೀರ ಸುಕ್ಕಾಗಿ ಮರಳಿನೊಳಗೆ ಇಳಿದರೆ ಸಂಜೆಯ ಹೊತ್ತು ಕುಂಡದ ಅಂಚಿಗೆ ಒಂದೆರಡು ಚಮಚ.

ಜುಲೈಯಿಂದ ಸೆಪ್ಟೆಂಬರ್: ಮಳೆ ತಾಗದ, ಗಾಳಿಯಾಡುವ ಜಾಗ. ನೀರಿಲ್ಲ. ದಿಲ್ಲಿಯ ಸೆಕೆಯಲ್ಲಿ ಒದ್ದೆ ಬೇರು ಎರಡು ದಿನ ಬದುಕುವುದಿಲ್ಲ.

ಬೆಂಗಳೂರು ಮೈಸೂರುಗಳಲ್ಲಿರುವ ಬಂಧುಗಳಿಗೆ ಇಷ್ಟು ಚಳಿಯೂ ಇಲ್ಲ, ಇಷ್ಟು ಬಿಸಿಲೂ ಇಲ್ಲ. ಅವರು ತಿಂಗಳನ್ನು ನೋಡದೆ ಗಿಡದ ಮುಖವನ್ನು ನೋಡಿ ನಡೆಯಬೇಕು. ಹೊಸ ಜೋಡಿ ಕಂಡರೆ ನೀರು ನಿಲ್ಲಿಸುವುದು, ಹಳೆಯದು ಒಣಗಿದರೆ ಕೊಡುವುದು, ಈ ನಿಯಮ ಎಲ್ಲೆಡೆಗೂ ಒಂದೇ.

ಬುಡದಲ್ಲಿ ಬಿಳಿಯ ಹಿಟ್ಟಿನಂಥದು ಕಂಡರೆ ಅದು ಹಿಟ್ಟುತಿಗಣೆ. ಕಡ್ಡಿಗೆ ಹತ್ತಿ ಸುತ್ತಿ ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದರೆ ಹೋಗುತ್ತದೆ. ಅಳಿಲು ಪಾರಿವಾಳಗಳು ಕುಂಡವನ್ನು ಕೆದಕದಂತೆ ತಂತಿಬಲೆಯ ಮುಚ್ಚಳ ಮಾಡಿಸಿದ್ದೇವೆ.

ಕೊಳ್ಳುವಾಗ ಒಂದು ಎಚ್ಚರಿಕೆ. ಕಡುನೀಲಿ, ನವಿಲುಬಣ್ಣದ ಕಲ್ಲುಗಿಡಗಳ ಚಿತ್ರ ತೋರಿಸಿ ಬೀಜ ಮಾರುವವರಿದ್ದಾರೆ. ಅಂಥ ಬಣ್ಣದ ಲಿಥಾಪ್ಸ್ ಪ್ರಪಂಚದಲ್ಲೇ ಇಲ್ಲ. ದಕ್ಷಿಣ ಆಫ್ರಿಕದ ಬಯಲಿನಿಂದ ಇಂಥ ಪುಟ್ಟ ಗಿಡಗಳನ್ನು ಕದ್ದು ಕಿತ್ತು ಸಾಗಿಸುವ ಹಾವಳಿಯೂ ಈಚಿನ ವರ್ಷಗಳಲ್ಲಿ ಹೆಚ್ಚಿದೆ. ಆದ್ದರಿಂದ ಬೀಜದಿಂದ ಬೆಳೆಸಿದ ಗಿಡವೇ ಎಂದು ಕೇಳಿ ಕೊಳ್ಳುವುದು ಧರ್ಮ. ಇಂಥ ಒಣನಾಡಿನ ಗಿಡಗಳ ಸಂಸಾರವನ್ನೇ ನೋಡಬಯಸುವವರು ಚಂಡೀಗಢದ ಪಕ್ಕದ ಪಂಚಕುಲಕ್ಕೆ ಮಕ್ಕಳೊಡನೆ ಹೋಗಿಬರಬಹುದು. ಅಲ್ಲಿ 1987ರಲ್ಲಿ ಏಳು ಎಕರೆಯಲ್ಲಿ ಆರಂಭವಾದ ಕಳ್ಳಿಗಳ ರಾಷ್ಟ್ರೀಯ ಉದ್ಯಾನವಿದೆ. ನಮ್ಮ ದೇಶದ ಒಣನೆಲದ ಕ್ಯಾರಲ್ಯೂಮ ಗಿಡಗಳ ಸಂಗ್ರಹಕ್ಕೂ ಅದು ಹೆಸರಾಗಿದೆ.

ಕಲ್ಲು ಹೂ ಬಿಟ್ಟ ದಿನ

2024ರ ಬೇಸಿಗೆಯಲ್ಲಿ ಅಮ್ಮ ಹಿರಿಯೂರಿಗೆ ಹೋಗಿ ದಸರೆಗೆ ಮುಂಚೆ ಮರಳಿ ಬಂದರು. ಒಂಟಿಗಿಡಕ್ಕೆ ಜೊತೆಯಿರಲೆಂದು ನಾವು ಇನ್ನೊಂದನ್ನು ತಂದಿರಿಸಿದ್ದೆವು. ನವೆಂಬರಿನ ಒಂದು ಮಧ್ಯಾಹ್ನ ಕಚೇರಿಗೆ ಫೋನು ಬಂತು: “ಕಲ್ಲು ಹೂ ಬಿಟ್ಟಿದೆ ಕಣೋ! ಬೇಗ ಬಾ, ಸಂಜೆಗೆ ಮುಚ್ಚಿಕೊಳ್ಳುತ್ತೆ ಅಂತ ನೀನೇ ಹೇಳಿದ್ಯಲ್ಲ.” ಮೆಟ್ರೋ ಹಿಡಿದು ನಾವು ಮನೆ ಸೇರುವ ಹೊತ್ತಿಗೆ ಹೂ ಮುಚ್ಚಿತ್ತು. ಮಾರನೆಯ ದಿನ ರಜೆ ಹಾಕಿ ಕುಳಿತು ನೋಡಿದೆವು. ಗಿಡವನ್ನೇ ಮರೆಮಾಡುವಷ್ಟು ದೊಡ್ಡದಾದ, ಸೇವಂತಿಗೆಯಂಥ ಹಳದಿ ಹೂ. ಎರಡು ದಿನದಲ್ಲಿ ಪಕ್ಕದ ಗಿಡವೂ ಅರಳಿತು.

ಬೀಜ ಕಟ್ಟಲು ಎರಡು ಬೇರೆ ಬೇರೆ ಗಿಡಗಳು ಬೇಕು. ಮಗನ ಬಣ್ಣದ ಕುಂಚದಿಂದ ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿದೆವು. ತಿಂಗಳುಗಳ ಮೇಲೆ ಒಣಗಿ ಗಟ್ಟಿಯಾದ ಕಾಯಿಯ ಮೇಲೆ ಒಂದು ಹನಿ ನೀರು ಬಿಟ್ಟಾಗ ಅದು ಪುಟ್ಟ ನಕ್ಷತ್ರದಂತೆ ಬಿಚ್ಚಿಕೊಂಡದ್ದನ್ನು ಮನೆಮಂದಿಯೆಲ್ಲ ಸುತ್ತ ನಿಂತು ನೋಡಿತು. ತವರಿನಲ್ಲಿ ಮಳೆ ಬಿದ್ದಾಗಲೇ ಬೀಜ ಚೆಲ್ಲಲೆಂದು ಈ ಏರ್ಪಾಡು. 2025ರ ಅಕ್ಟೋಬರಿನಲ್ಲಿ ಆ ದೂಳಿನಂಥ ಬೀಜಗಳನ್ನು ಮರಳಿನ ಮೇಲೆ ಉದುರಿಸಿ, ಮುಚ್ಚದೆ, ಗಾಜು ಹೊದಿಸಿ ಇಟ್ಟೆವು. ಎರಡು ವಾರದೊಳಗೆ ಹಸಿರು ಕಣಗಳು ತೋರಿದವು. ಮೊದಲ ಕೆಲವು ತಿಂಗಳು ಇವಕ್ಕೆ ಮಾತ್ರ ಮರಳು ಒಣಗಲು ಬಿಡಬಾರದು. “ಕೂಸಿಗೆ ಕೊಡಬೇಕು, ಬಾಣಂತಿಗೆ ಬೇಡ” ಎಂಬುದು ಅಮ್ಮನ ಸೂತ್ರ.

ನೆರೆಯ ಪಂಜಾಬಿ ಗೃಹಿಣಿಯರು ಈಗ ಸಂಜೆ ಬಂದು ಕುಂಡಗಳನ್ನು ನೋಡುತ್ತಾರೆ. ಚಳಿಗಾಲದಲ್ಲಿ ಯಾರಾದರೂ ಲೋಟ ಎತ್ತಿದರೆ ಅಮ್ಮ ಕೈ ಅಡ್ಡ ಹಿಡಿದು, “ಅಭೀ ಪಾನೀ ನಹೀ” ಎನ್ನುತ್ತಾರೆ. ದಿಲ್ಲಿಗೆ ಬಂದಮೇಲೆ ಅವರು ಕಲಿತ ಮೊದಲ ಹಿಂದಿ ವಾಕ್ಯ ಅದೇ. ಆ ಹೆಂಗಸರಲ್ಲೊಬ್ಬರು ತಮ್ಮ ಮನೆಯ ಮಲ್ಲಿಗೆ ಬಳ್ಳಿಯನ್ನು ಅಮ್ಮನ ಕೈಯಿಂದಲೇ ನೆಡಿಸಿಕೊಂಡು ಹೋದರು.

ಬಿತ್ತಿದ ದಿನ ಅಮ್ಮ ಕೇಳಿದ್ದರು, ಇವು ಹೂ ಬಿಡುವುದು ಯಾವಾಗ ಎಂದು. ಬೀಜದಿಂದ ಹೂವಿಗೆ ಸಾಮಾನ್ಯವಾಗಿ ಮೂರು ವರ್ಷ ಬೇಕೆಂದೂ, 2028ರ ದೀಪಾವಳಿಯ ಹೊತ್ತಿಗೆ ನೋಡಬಹುದೆಂದೂ ಹೇಳಿದೆವು. ಅವರು ಬೆರಳು ಮಡಿಸಿ ತಮ್ಮ ವಯಸ್ಸಿಗೆ ಮೂರು ಕೂಡಿಸಿದರು. ಆಮೇಲೆ ಕುಂಡದ ಮೇಲಿನ ಗಾಜನ್ನು ಸರಿಮಾಡುತ್ತ, “ಹಾಗಾದ್ರೆ ಇರಬೇಕಾಯ್ತು” ಎಂದರು.